ಹಂಪಮ್ಮನ ಗಿರಣಿಗೆ ಬಂದ ಕೆಮ್ಮು

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಿಟ್ಟಿನ ಗಿರಣಿಯನ್ನು ಆಳುವ ಹಂಪಮ್ಮನಿಗೆ ಕಿರೀಟವಿಲ್ಲ. ತಲೆಯ ಮೇಲೆ ಸದಾ ಬೆರಳು ದಪ್ಪ ಜೋಳದ ಹಿಟ್ಟು ಕೂತಿರುವುದರಿಂದ ಅದರ ಕೊರತೆಯೂ ಕಾಣುವುದಿಲ್ಲ. ಮಾನ್ವಿಯಿಂದ ಮದುವೆಯಾಗಿ ಬಂದವಳು. ಇಪ್ಪತ್ತೆರಡು ವರ್ಷ ಯಂತ್ರದ ಈ ಬದಿ ಅವಳು, ಆ ಬದಿ ಗಂಡ ಅಮರಯ್ಯ ನಿಂತು, ಕಲ್ಲಿನ ಸದ್ದನ್ನೂ ಮೀರಿಸಿ ಜಗಳವಾಡಿದರು. ಹೋದ ವರ್ಷ ಅಮರಯ್ಯ ತೀರಿಕೊಂಡ. ಏಳು ತಿಂಗಳಿಗೆ ಗಿರಣಿ ಕೆಮ್ಮತೊಡಗಿತು.

ಸಾಮಾನ್ಯ ಕೆಮ್ಮಲ್ಲ. ಮೊದಲು ಗಂಟಲು ಕೆರೆತ, ಆಮೇಲೆ ಎರಡು ಸಲ ಗೊರಗೊರ, ಕೊನೆಗೆ ಉದ್ದನೆಯ ನರಳಿಕೆ. ಥೇಟ್ ಅಮರಯ್ಯನದೇ. ರೈಲ್ವೆ ಕ್ವಾರ್ಟರ್ಸಿನ ಶೂರರೆಲ್ಲ ಹಿಟ್ಟಿನ ಡಬ್ಬಿ ಬಿಟ್ಟು ಓಡಿದರು. ಹಂಪಮ್ಮ ಮಾತ್ರ ಕದಲಲಿಲ್ಲ.

"ಬಿಸಿನೀರು ಕುಡೀರಿ ಅಂದ್ರ ಆಗ ಕೇಳಲಿಲ್ಲ, ಈಗ ಅನುಭವಿಸ್ರಿ!" ಎಂದು ಯಂತ್ರವನ್ನು ಗದರಿ ಬೀಸುತ್ತಿದ್ದಳು. ಕರೆಂಟು ಹೋಗಿ ಸದ್ದು ನಿಂತರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಗಿರಾಕಿಗಳು ಕರಗಿದ ಮೇಲೆ, ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿ ಮೆಕ್ಯಾನಿಕ್ ಪ್ರಹ್ಲಾದ ದಂಡೆತ್ತಿ ಬಂದ. ಬೇರಿಂಗು ಮುಟ್ಟಿ, ಸುಟ್ಟ ಕೈ ಹಿಂದೆಗೆದ. ಮೇಲಿನ ಎಣ್ಣೆಬಟ್ಟಲು ಬಿಚ್ಚಿದರೆ ಒಳಗೆ ಕರಿಯ ಅಂಟು.

"ಅಕ್ಕಾರ, ಇದಕ್ಕ ಏನು ಹಾಕೀರಿ?"

"ಅವರ ಫೋಟೋದ ಮುಂದಿನ ದೀಪದಾಗ ಉಳಿದಿದ್ದು. ಎಳ್ಳೆಣ್ಣಿ. ಅಮಾಸಿಗೊಮ್ಮೆ. ಚೆಲ್ಲಬಾರದಲ್ಲಪಾ?"

"ಶಿವನ! ಯಂತ್ರಕ್ಕ ಪ್ರಸಾದ ಉಣಿಸೀರಿ!"

ಪ್ರಹ್ಲಾದ ಅಲ್ಲೇ ಪಾಠ ಶುರುಮಾಡಿದ. ಎಷ್ಟು ನುಣುಪಾಗಿ ಕಂಡರೂ ಲೋಹದ ಮೈಯೆಲ್ಲ ಸಣ್ಣ ಗುಡ್ಡ-ತಗ್ಗುಗಳು. ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ನಿಂತು, ಗುಡ್ಡಕ್ಕೆ ಗುಡ್ಡ ತಾಗದಂತೆ ಕಾಯುತ್ತದೆ. ಅಡುಗೆಯ ಎಣ್ಣೆ ಶಾಖಕ್ಕೂ ಗಾಳಿಗೂ ಸಿಕ್ಕು ಹಳೇ ಬಾಣಲೆಯ ಅಂಚಿನ ಜಿಡ್ಡಿನಂತೆ ಗಟ್ಟಿಯಾಗುತ್ತದೆ. ಇಲ್ಲಿ ಆ ಜಿಡ್ಡು ಎಣ್ಣೆ ಇಳಿಯುವ ತೂತನ್ನೇ ಮುಚ್ಚಿದೆ. ಒಣ ಲೋಹ ಲೋಹಕ್ಕೆ ಉಜ್ಜುತ್ತಿದೆ. ಕೆಮ್ಮು ಅದರದ್ದು.

"ತೊಳೆದು ಮಷೀನ್ ಆಯಿಲ್ ಹಾಕಿದ್ರ ಸದ್ದು ಹೋಗ್ತೈತ್ರಿ. ಹಿಂಗ ಬಿಟ್ರ ವಾರದಾಗ ದಂಡ ತಿರುಗಲಾರದಂಗ ಹಿಡಕೊಂಡು ಗಿರಣಿನ ಸತ್ತುಹೋಗ್ತೈತಿ."

ಹಂಪಮ್ಮ ಸ್ವಿಚ್ಚಿನ ಮೇಲೆ ಕೈಯಿಟ್ಟಳು.

"ಒಂದ್ಸಲ ಓಡಿಸ್ತೀನಿ. ನೀ ಹೊರಗ ನಿಂದ್ರು."

ಪ್ರಹ್ಲಾದ ಗದೆಸಮೇತ ಹೊರಬಿದ್ದ. ಒಳಗೆ ಗಂಟಲು ಕೆರೆಯಿತು, ಗೊರಗೊರ ಎಂದಿತು, ನರಳಿತು. ಅವಳು ಜಗಳವಾಡಿದ್ದು ಮಾತ್ರ ಕೇಳಲಿಲ್ಲ. ಸ್ವಿಚ್ಚು ಆರಿತು. "ಬಾ, ತೊಳಿ" ಎಂದಳು.

ಸೀಮೆಎಣ್ಣೆಯಲ್ಲಿ ಜಿಡ್ಡು ಕರಗಿತು. ತೂತು ತೆರೆಯಿತು, ಹೊಸ ಎಣ್ಣೆ ಸದ್ದಿಲ್ಲದೆ ಇಳಿಯಿತು. ಪಟ್ಟಿ ತಿರುಗಿದಾಗ ಕಲ್ಲಿನ ಮೆಲ್ಲನೆಯ ಗುಂಯ್‌ಗುಟ್ಟುವಿಕೆ, ಹಿಟ್ಟು ಉದುರುವ ಸದ್ದು, ಅಷ್ಟೇ.

ಹಂಪಮ್ಮ ತನ್ನ ಬದಿಯಲ್ಲೇ ನಿಂತು ಆಚೆ ಬದಿಯತ್ತ ನೋಡಿದಳು. ಇಪ್ಪತ್ತೆರಡು ವರ್ಷದ ರೂಢಿಯಂತೆ ಗಂಟಲೆತ್ತಿ ಕೂಗಿದಳು:

"ಹೊಂಟೀನಿ ಅಂತ ಒಂದ್ ಮಾತು ಹೇಳಾಕ ಏನಾಗಿತ್ರೀ ನಿಮಗ?"

ಅಷ್ಟು ಕೂಗುವ ಅಗತ್ಯವೇ ಇರಲಿಲ್ಲ. ಗಲ್ಲಿಗೆಲ್ಲ ಕೇಳಿಸಿತು.