ಉಸಿರು ಬಿಟ್ಟು ಎತ್ತಬೇಕು

ಮೊದಲು ನೋವು ಬಂದದ್ದು ಎಡಗೈಗೆ. ಮಗ್ಗದ ಮುಂದೆ ಕೂತವಳಿಗೆ ಕೈನೋವು ಒಂದು ಸುದ್ದಿಯೇ ಅಲ್ಲ. ನಲವತ್ತು ವರ್ಷ ಎಳೆ ಕೂರಿಸುವ ಹಲಗೆ ಬಡಿದ ಕೈ. ನೋಯದಿದ್ದರೆ ಅನುಮಾನ ಪಡಬೇಕು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡೆ. ಎರಡು ದಿನ ಅದೇ ಕೈಯಲ್ಲಿ ಸೆರಗು ನೇಯ್ದೆ. ಮೂರನೆಯ ದಿನ ಬೆಳಿಗ್ಗೆ ಹಲಗೆ ಎಳೆಯಲು ಹೋದರೆ ಕೈ ಮಾತು ಕೇಳಲಿಲ್ಲ. ಬೆವರು ಇಳಿಯಿತು. ಸೀರೆಯ ಮೇಲೆ ಬೀಳಬಾರದೆಂದು ಹಿಂದಕ್ಕೆ ಬಾಗಿದೆ, ಹಾಗೇ ಬಿದ್ದೆ. ಆಗಲೂ ನನ್ನ ಚಿಂತೆ ರೇಷ್ಮೆಯದೇ.

ಅದು ಹಾರ್ಟ್ ಅಟ್ಯಾಕ್.

ಚಳ್ಳಕೆರೆಯಲ್ಲಿ ಇಸಿಜಿ ತೆಗೆದು ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಆಂಜಿಯೋಪ್ಲಾಸ್ಟಿ ಆಯಿತು, ಎರಡು ಸ್ಟೆಂಟ್ ಹಾಕಿದರು. ಎಕೋ ನೋಡಿ, ಹೃದಯದ ಪಂಪಿಂಗ್ ಕಡಿಮೆ ಇದೆ ಎಂದರು. ಮನೆಗೆ ಬಿಡುವಾಗ ಡಾಕ್ಟರು ಹೇಳಿದ್ದು "ಸ್ವಲ್ಪ ದಿನ ಭಾರ ಎತ್ತಬೇಡಿ" ಎಂದು. ಪಕ್ಕದಲ್ಲಿದ್ದ ನಮ್ಮ ಯಜಮಾನರ ಕಿವಿಗೆ "ಎತ್ತಬೇಡಿ" ಮಾತ್ರ ಬಿತ್ತು.

ಮೊಳಕಾಲ್ಮುರಿನ ನಮ್ಮ ಮನೆಗೆ ಬಂದ ದಿನದಿಂದ ನನ್ನ ಕೈಗೆ ಏನೂ ಸಿಗದ ಹಾಗಾಯಿತು. ಬಿಂದಿಗೆ ಮುಟ್ಟಿದರೆ "ವದ್ದು, ವದ್ದು." ಮನೆಯಲ್ಲಿ ನಾವು ತೆಲುಗು, ಕನ್ನಡ ಎರಡನ್ನೂ ಬೆರೆಸಿ ಆಡುತ್ತೇವೆ. ಬೇಡ ಎಂಬ ಆ ಒಂದು ಮಾತನ್ನು ಅಷ್ಟು ಸಲ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಳಕು ಊರಿನಲ್ಲಿರುವ ಮಗಳು ಬಂದು ಒಂದು ತಿಂಗಳಿದ್ದು ಹೋದಳು. ಆಮೇಲೆ ನಮ್ಮ ಮನೆಯವರೇ ಅನ್ನ ಬಸಿದರು, ನೀರು ಸೇದಿದರು, ತಟ್ಟೆ ತಂದು ಕೈಗಿಟ್ಟರು. ಮಾತ್ರೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ತಗಂಡ್ಯಾ?"

"ತಗಂಡೆ."

ಅಷ್ಟೇ. ದಿನಕ್ಕೆ ಮೂರು ಸಲ ಅಷ್ಟೇ.

ನಮ್ಮ ಮಾತು ಇಷ್ಟಕ್ಕೇ ನಿಂತದ್ದು ಯಾಕೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಸೀರೆಯನ್ನು ನಮ್ಮಲ್ಲಿ ಇಬ್ಬರು ಸೇರಿ ನೇಯುತ್ತೇವೆ. ನಡುವೆ ಕೂತವರು ಒಡಲಿನ ಲಾಳಿ ಓಡಿಸಿ ಹಲಗೆ ಬಡಿದರೆ, ಪಕ್ಕದವರು ಅಂಚಿನ ಲಾಳಿ ಹಾಕಿ ಎಳೆಗೆ ಎಳೆ ಕೂಡಿಸುತ್ತಾರೆ. ನಡುವಿನ ಜಾಗ ನನ್ನದು, ಪಕ್ಕದ್ದು ಅವರದು. ನನ್ನ ಪೆಟ್ಟು ಗಟ್ಟಿ ಎಂದು ಅವರೇ ಮದುವೆಯಾದ ವರ್ಷ ಬಿಟ್ಟುಕೊಟ್ಟಿದ್ದರು. ನಾವು ಗಂಡ ಹೆಂಡತಿ ಆಡಿದ ಮಾತೆಲ್ಲ ಅಲ್ಲಿ ಆಡಿದ್ದೇ. ಮಗಳ ಮದುವೆ ಮಾತು, ಜಗಳ, ಯಾರದೋ ಮನೆಯ ಸುದ್ದಿ, ಎಲ್ಲಕ್ಕೂ ನಡುವೆ ಬಟ್ಟೆ ಇರಬೇಕು, ಕಣ್ಣು ಬಟ್ಟೆಯ ಮೇಲಿರಬೇಕು. ಮಗ್ಗ ಬಿಟ್ಟು ಎದುರೆದುರು ಕೂತು ಏನು ಮಾತಾಡಬೇಕೆಂದು ನಾವು ಕಲಿತೇ ಇರಲಿಲ್ಲ.

ಈಗ ನಡುವಿನ ಜಾಗದಲ್ಲಿ ಅವರು ಕೂತರು. ಪಕ್ಕಕ್ಕೆ ಎದುರುಮನೆಯ ಪದ್ಮಳನ್ನು ಕರೆದುಕೊಂಡರು. ಒಳಕೋಣೆಯಲ್ಲಿ ಮಲಗಿ ನಾನು ಪೆಟ್ಟಿನ ಸದ್ದು ಕೇಳುತ್ತಿದ್ದೆ. ಮೆತ್ತನೆಯ ಪೆಟ್ಟು. ಅಂಥಾ ಪೆಟ್ಟಿಗೆ ಬಟ್ಟೆ ಜಾಳಾಗುತ್ತದೆ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ನನ್ನದೇ ಮನೆಯಲ್ಲಿ ನಾನು ನೆಂಟಳಾಗಿದ್ದೆ, ಅದೂ ಯಾರೂ ಮಾತಾಡಿಸದ ನೆಂಟಳು.

ಮೂರು ತಿಂಗಳಾಗುವಷ್ಟರಲ್ಲಿ ರವಿಕೆಯ ತೋಳು ಜೋತುಬಿತ್ತು. ಒಂದು ದಿನ ತುರುಬು ಕಟ್ಟಲು ಕೈ ಎತ್ತಿದೆ. ಅರ್ಧ ಸುತ್ತುವುದರೊಳಗೆ ಎರಡೂ ಕೈ ಸೋತು ತೊಡೆಯ ಮೇಲೆ ಬಿದ್ದವು. ಅಳು ಬಂತು. ಹೃದಯ ಕೆಟ್ಟಿತು ಎಂದಾಗಲೂ ಹಾಗೆ ಅತ್ತಿರಲಿಲ್ಲ.

ಚಳ್ಳಕೆರೆಗೆ ತೋರಿಸಲು ಹೋದಾಗ ಅಲ್ಲಿನ ಲೇಡಿ ಡಾಕ್ಟರ ಮುಂದೆ ಅದನ್ನೇ ಹೇಳಿದೆ. ಅವರು ಬಿಪಿ ನೋಡಿದರು, ಇನ್ನೊಂದು ಎಕೋ ಮಾಡಿಸಿದರು, ವರಾಂಡದಲ್ಲಿ ನಡೆಸಿದರು.

"ಅಮ್ಮಾ, ಕೈಗೆ ಕೆಲಸ ಕೊಡದೆ ಇದ್ರೆ ಅವು ಇನ್ನೂ ಸಣ್ಣಗಾಗ್ತವೆ. ಶುರು ಮಾಡಿ. ಆದ್ರೆ ನಿಮ್ಮಿಷ್ಟದಂತೆ ಬ್ಯಾಡ, ನಾವು ಹೇಳಿದಷ್ಟೇ" ಎಂದು ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು.

ಅರ್ಧ ಲೀಟರಿನ ಎರಡು ನೀರಿನ ಬಾಟಲಿ. ಕುರ್ಚಿಯಲ್ಲಿ ಕೂತು ಮೊಣಕೈ ಮಡಿಸಿ ಮೇಲೆತ್ತುವುದು, ನಿಧಾನ ಇಳಿಸುವುದು. ಎಂಟು ಸಲ, ಆಮೇಲೆ ವಿಶ್ರಾಂತಿ. ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಒಳಗೊಳಗೇ ನಕ್ಕೆ. ಐದನೆಯದಕ್ಕೆ ತಲೆ ಸುತ್ತಿತು. ಮೇಡಂ ಬಾಟಲಿ ಕಸಿದುಕೊಂಡು ಬೆನ್ನು ಒರಗಿಸಿ ಕೂರಿಸಿದರು.

"ಎತ್ತುವಾಗ ಉಸಿರು ಯಾಕೆ ಹಿಡೀತೀರಿ?"

ನಾನು ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಕಡಿದ ಎಳೆ ಕೂಡಿಸುವಾಗ ನಾವು ಉಸಿರು ಹಿಡಿಯುತ್ತೇವೆ, ಇಲ್ಲವಾದರೆ ಎಳೆ ಹಾರುತ್ತದೆ. ನನಗೆ ಆ ಅಭ್ಯಾಸ ಪೆಟ್ಟಿಗೂ ಅಂಟಿಕೊಂಡಿತ್ತು. ಉಸಿರು ಬಿಗಿಹಿಡಿದು ಬಲ ಹಾಕಿದರೆ ಬಿಪಿ ಏರುತ್ತದೆ, ಹೃದಯಕ್ಕೆ ಕಷ್ಟ ಎಂದರು ಮೇಡಂ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಮರೆಯದಿರಲು ಬಾಯಿಬಿಟ್ಟು ಎಣಿಸಬೇಕು. ಎಣಿಸುವಾಗ ಮಾತು ಕಡಿದರೆ ಭಾರ ಹೆಚ್ಚಾಯಿತೆಂದು ತಿಳಿದು ಇಳಿಸಬೇಕು. ಎದೆನೋವು ಬಂದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಅವರಿಗೆ ತಿಳಿಸಬೇಕು. ದಿನ ಬಿಟ್ಟು ದಿನ ಮಾತ್ರ.

ಒಳಕೋಣೆಯಲ್ಲಿ ಎಣಿಸತೊಡಗಿದೆ. ಒಕಟಿ, ರೆಂಡು, ಮೂಡು. ಎಷ್ಟೋ ದಿನ ನಾನು ಬಾಯಿಬಿಟ್ಟು ಆಡಿದ್ದು ಆ ಎಣಿಕೆಯಷ್ಟೇ. ಕೆಲವು ವಾರದ ಮೇಲೆ ಗೋಡೆಗೆ ಕೈಯೂರಿ ಬಾಗಿ ಏಳುವುದನ್ನೂ ಮೇಡಂ ಸೇರಿಸಿದರು. ಅದನ್ನು ಮಾಡುವಾಗ ಪದ್ಮ ಇಣುಕಿ ನೋಡಿದಳು.

"ಪೆದ್ದಮ್ಮ, ಗೋಡೆ ಏನು ತಪ್ಪು ಮಾಡೈತೆ?"

ನಕ್ಕೆ. ಅವಳ ಹಿಂದೆ ನಿಂತಿದ್ದ ನಮ್ಮ ಮನೆಯವರು ನಗಲಿಲ್ಲ. ಮರುದಿನ ನನ್ನ ಬಾಟಲಿಗಳು ಕಾಣೆಯಾದವು. ಹುಡುಕಿದೆ. ಅಟ್ಟದ ಮೇಲೆ, ನೀರು ಚೆಲ್ಲಿ, ಚೀಲದಲ್ಲಿ ಕಟ್ಟಿಟ್ಟಿದ್ದರು.

ಸಿಟ್ಟು ನೆತ್ತಿಗೇರಿತು. ಮುಂದಿನ ಸಲ ಚಳ್ಳಕೆರೆಗೆ ಅವರನ್ನೂ ಎಳೆದುಕೊಂಡು ಹೋದೆ. ಅವರ ಎದುರಿಗೇ ಡಾಕ್ಟರನ್ನು ಕೇಳಿದೆ, ನಾನು ಮತ್ತೆ ಮಗ್ಗಕ್ಕೆ ಕೂರಬಹುದೇ?

ಡಾಕ್ಟರು ಕೆಲಸ ಹೇಗೆಂದು ಕೂತಲ್ಲೇ ಕೈಯಾಡಿಸಿ ತೋರಿಸಲು ಹೇಳಿದರು. "ಹಲಗೆ ಬಡಿಯೋದು ಬ್ಯಾಡಮ್ಮ. ಪಕ್ಕದಲ್ಲಿ ಕೂತು ಲಾಳಿ ಹಾಕಿ, ಅರ್ಧ ಗಂಟೆ. ಮುಂದಿಂದು ಮುಂದೆ ನೋಡೋಣ."

ನಡುವಿನ ಜಾಗ ಹೋಯಿತು. ಬಸ್ಸಿನಲ್ಲಿ ಮೊಳಕಾಲ್ಮುರು ಬರುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಬಿ.ಜಿ. ಕೆರೆ ದಾಟಿದ ಮೇಲೆ ಅವರು ಬಾಯಿಬಿಟ್ಟರು.

"ನೀನು ಕೈ ಎತ್ತಿದ್ರೆ ನನಗೆ ಭಯ ಆಗ್ತೈತೆ ಕಣೇ. ಆವತ್ತೂ ಮಗ್ಗದ ಮುಂದೇನೇ ಬಿದ್ದೆ."

ನಾಲ್ಕು ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಭಯ ನನಗೂ ಇತ್ತು. ಇಬ್ಬರೂ ಬೇರೆ ಬೇರೆ ಕೂತು ಒಂದೇ ಭಯ ಪಟ್ಟಿದ್ದೆವು.

ಈಗ ಬೆಳಿಗ್ಗೆ ಪದ್ಮ ಬರುತ್ತಾಳೆ, ಮಧ್ಯಾಹ್ನದ ಮೇಲೆ ಅರ್ಧ ಗಂಟೆ ನಾನು, ಆಮೇಲೆ ಕತ್ತಲಾಗುವ ತನಕ ಮತ್ತೆ ಅವಳು. ಅವರು ಬಡಿಯುತ್ತಾರೆ, ನಾನು ಉಸಿರು ಬಿಡುತ್ತಾ ಅಂಚಿನ ಲಾಳಿ ಹಾಕುತ್ತೇನೆ. ಪೆಟ್ಟು ಈಗಲೂ ಮೆತ್ತಗೇ, ಅದನ್ನು ಹೇಳಿಯೂ ಹೇಳುತ್ತೇನೆ. ತುರುಬು ನಾನೇ ಕಟ್ಟಿಕೊಳ್ಳುತ್ತೇನೆ. ಒಂಟಿತನ ಪೂರ್ತಿ ಹೋಗಿಲ್ಲ. ಉಳಿದ ಹೊತ್ತೆಲ್ಲ ಒಳಗಿನಿಂದ ಬೇರೆಯವರ ಸದ್ದು ಕೇಳುವುದೇ.

ಮೊನ್ನೆ ಅರ್ಧ ಗಂಟೆ ಮುಗಿದು ಎದ್ದು ಹೊರಗೆ ಕಟ್ಟೆಯ ಮೇಲೆ ಕೂತೆ. ಹಿಂದೆ ಮಗ್ಗದ ಸದ್ದು ಶುರುವಾಗಲಿಲ್ಲ. ನೋಡಿದರೆ ಅವರೂ ಎದ್ದು ಬಂದು ಪಕ್ಕದಲ್ಲಿ ಕೂತರು.

"ಇನ್ನೂ ಬೆಳಕೈತಲ್ರಿ, ನೇಯ್ರಿ."

"ನೇಯ್ತೀನಿ ಬಿಡು."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನಮ್ಮ ಮನೆಯವರು ನನ್ನ ತೋಳು ಹಿಡಿದು, ಹೆಬ್ಬೆರಳಲ್ಲಿ ಒತ್ತಿ ನೋಡಿದರು.

"ಗಟ್ಟಿಯಾಗೈತೆ" ಎಂದರು.

ಇಷ್ಟು ವರ್ಷದಲ್ಲಿ ನಾಲ್ಕು ಜನರ ಎದುರು ಅವರು ನನ್ನನ್ನು ಮುಟ್ಟಿದ್ದಿಲ್ಲ. ನಾನು ತೋಳು ಎಳೆದುಕೊಳ್ಳಲಿಲ್ಲ.