ಪ್ರಸಾದವಾಗಿ ಕೊಟ್ಟ ಪುಡಿ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆ ನೆಲಮಹಡಿಯದು. ಎದುರಿನ ಬಿಲ್ಡಿಂಗ್ ಎಷ್ಟು ಹತ್ತಿರವೆಂದರೆ, ಅವರ ಕುಕ್ಕರ್ ಸೀಟಿ ಹೊಡೆದರೆ ನಾನು ನಮ್ಮ ಗ್ಯಾಸ್ ಆರಿಸಲು ಓಡುತ್ತಿದ್ದೆ. ಮಧ್ಯಾಹ್ನ ಎರಡು ಗೋಡೆಗಳ ಸಂದಿಯಿಂದ ಗೇಣಗಲದ ಬಿಸಿಲು ಇಳಿದು, ಹಾಲ್‌ನ ಮೂಲೆಯಲ್ಲಿ ಕಾಲು ಗಂಟೆ ಇದ್ದು ಹೋಗುತ್ತಿತ್ತು. ಅಷ್ಟಾದರೂ ಇದೆಯಲ್ಲ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ನಮ್ಮವರಿಗೆ ಅದೂ ಇರಲಿಲ್ಲ. ಘೋಡಬಂದರ್ ರಸ್ತೆಯ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ಅವರದು. ಬೆಳಕು ಹರಿಯುವ ಮೊದಲೇ ಲೋಕಲ್ ಹತ್ತಿದರೆ ಇಳಿಯುವುದು ದೀಪ ಹಚ್ಚಿದ ಮೇಲೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಸೊಂಟನೋವು, ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಡಿ ವಿಟಮಿನ್ ತೀರಾ ಕೆಳಗಿತ್ತು. "ಶುಗರ್ ಇರುವವರಲ್ಲಿ ಇದು ಕಡಿಮೆ ಇರುವುದು ಸಾಮಾನ್ಯ. ಶುಗರಿಗೆ ಇದು ಔಷಧಿ ಅಲ್ಲ, ಎಲುಬಿಗೆ" ಎಂದು ಡಾಕ್ಟರು ವಾರಕ್ಕೊಂದರಂತೆ ಎಂಟು ಪುಡಿ ಪೊಟ್ಟಣ ಬರೆದುಕೊಟ್ಟರು.

ವಾರಕ್ಕೊಂದು ಎಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಆದರೆ ಮೇಲಿನ ಮನೆಯ ಮರಾಠಿ ಹೆಂಗಸು, ನಾವು ವಹಿನಿ ಎನ್ನುವವಳು, "ಅದು ಸೂರ್ಯನ ವಿಟಮಿನ್ ಅಲ್ವಾ? ಡಿ ಏರಿದ್ರೆ ಶುಗರ್ ಇಳೀತದೆ" ಎಂದಿದ್ದಳು. ಅದೇ ವಾರ ನಾನು ಸೂರ್ಯದೇವರಿಗೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಅರ್ಘ್ಯ ಬಿಡುವ ವ್ರತ ಹಿಡಿದಿದ್ದೆ. ಸೂರ್ಯನ ಪ್ರಸಾದ ಅತಿಯಾಗುವುದುಂಟೆ? ದಿನವೂ ಟೆರೇಸಿನಲ್ಲಿ ಅರ್ಘ್ಯ ಬಿಟ್ಟು, ಒಂದು ಪೊಟ್ಟಣವನ್ನು ದೇವರ ಮುಂದಿಟ್ಟು, ಸಂಜೆ ಅವರಿಗೆ ಹಾಲಿನಲ್ಲಿ ಕಲಸಿ ಕೊಡತೊಡಗಿದೆ. ಎಂಟು ಮುಗಿದ ಮೇಲೆ ಇನ್ನಷ್ಟು ತಂದೆ. ಅಂಗಡಿಯವನು ಚೀಟಿ ಕೇಳಲಿಲ್ಲ.

ತಿಂಗಳು ದಾಟುವಾಗ ಅವರಿಗೆ ಬಾಯಾರಿಕೆ ಶುರುವಾಯಿತು. ತಂಬಿಗೆ ತಂಬಿಗೆ ನೀರು, ಹತ್ತು ಹತ್ತು ನಿಮಿಷಕ್ಕೆ ಬಚ್ಚಲು. ಊಟ ಸೇರದು, ಸೇರಿದ್ದೂ ನಿಲ್ಲದು. ಶುಗರ್ ಏರಿತು ಎಂದು ಹೆದರಿ ಬೆರಳು ಚುಚ್ಚಿ ನೋಡಿದರೆ ಮೀಟರ್ ನೂರಹದಿನೆಂಟು ತೋರಿಸಿತು. ಮರುದಿನವೂ ಅಷ್ಟೇ. ಇಷ್ಟು ವರ್ಷ ಇಳಿಯದ ಶುಗರ್ ಇಳಿದು ಕೂತಿದೆ, ಮನುಷ್ಯ ಮಾತ್ರ ಕಣ್ಣೆದುರೇ ಒಣಗುತ್ತಿದ್ದಾರೆ. ಅವರು ರಜೆ ಹಾಕಿದರು. ನಾನು ಇನ್ನಷ್ಟು ಭಕ್ತಿಯಿಂದ ಪುಡಿ ಕಲಸಿದೆ.

ಒಂದು ಮಧ್ಯಾಹ್ನ ಮಗಳು ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು. ಕಾಲೇಜಿಗೆ ಹೋಗುವ ಹುಡುಗಿ, ಸುಮ್ಮನೆ ಹೆದರುವವಳಲ್ಲ. "ಅಮ್ಮಾ, ಪಪ್ಪಾ ಕಿಸ್‌ಸೇ ಬಾತ್ ಕರ್ ರಹೇ ಹೈಂ?"

ಹೋಗಿ ನೋಡಿದೆ. ಹಾಲ್‌ನ ಮೂಲೆಗೆ ಬಿಸಿಲು ಇಳಿದಿತ್ತು. ಅವರು ಕುರ್ಚಿಯನ್ನು ಆ ಕಡೆಗೆ ತಿರುಗಿಸಿ ಕೂತು, ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಯಾರ ಹತ್ರ ಮಾತು?" ಎಂದೆ.

"ಅವರಿಗೂ ಒಂದು ಲೋಟ ನೀರು ಕೊಡು ಮಾರಾಯ್ತಿ. ಬಿಸಿಲಲ್ಲಿ ಬಂದವರು."

ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ವ್ರತಕ್ಕೆ ಸೂರ್ಯದೇವರೇ ಒಲಿದು ಬಂದರೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಆ ಬಿಸಿಲಿಗೆ ಕೈಮುಗಿದು ಎರಡು ಲೋಟ ನೀರಿಟ್ಟೆ. ಒಲೆ ಆರಿಸಿ ಬರುವಷ್ಟರಲ್ಲಿ ಬಿಸಿಲು ಹೋಗಿತ್ತು, ಎರಡೂ ಲೋಟ ಖಾಲಿ. ಅವರೇ ಕುಡಿದರು ಎಂದು ಬುದ್ಧಿ ಹೇಳಿತು. ಆದರೂ ಲೋಟ ತೆಗೆಯಲು ನನಗೆ ಕೈ ಬರಲಿಲ್ಲ, ಮಗಳೇ ತೆಗೆದಳು.

ಮೂರನೆಯ ದಿನ ಅವರು ನನ್ನ ಮುಖವನ್ನೇ ನೋಡಿ ಬಹಳ ಮರ್ಯಾದೆಯಿಂದ, "ನೀವು ಯಾವ ಬಿಲ್ಡಿಂಗಿನವರು?" ಎಂದು ಕೇಳಿದರು.

ಆಗಲೇ ರಿಕ್ಷಾ ತರಿಸಿ ಕಲ್ಯಾಣದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಶುಗರ್ ಸರಿ ಇದೆ, ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ, ಅದಕ್ಕೇ ಈ ಬಾಯಾರಿಕೆ, ಮರೆವು, ಕಿಡ್ನಿಗೂ ಪೆಟ್ಟು ಬೀಳುತ್ತಿದೆ, ಕಾರಣ ಗೊತ್ತಾಗದಿದ್ದರೆ ಕಷ್ಟ ಎಂದರು. "ಕಾಕೂ, ಟಾನಿಕ್, ಪುಡಿ, ಗುಳಿಗೆ ಏನಾದರೂ ಕೊಡ್ತಿದ್ದಿರಾ?" ಎಂದು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು, ಹಿಂದಿಯಲ್ಲಿ ಕೇಳಿದರು.

"ಶುಗರಿನ ಗುಳಿಗೆ ಬಿಟ್ಟರೆ ಏನೂ ಇಲ್ಲ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ದೇವರ ಮುಂದಿಟ್ಟ ಮೇಲೆ ಅದು ಔಷಧಿ ಎಂಬುದೇ ನನ್ನ ತಲೆಯಿಂದ ಹೋಗಿತ್ತು.

ಬಟ್ಟೆ ತರಲು ಮನೆಗೆ ಬಂದೆ. ದೇವರಿಗೆ ಏರಿಸಿ ತೆಗೆದದ್ದನ್ನು ನಾವು ಕಸಕ್ಕೆ ಹಾಕುವುದಿಲ್ಲ. ಬಾಗಿಲ ಹಿಂದೆ ನಿರ್ಮಾಲ್ಯದ ಚೀಲ ತೂಗುತ್ತಿತ್ತು. ವ್ರತ ಮುಗಿದ ದಿನ ಖಾಡಿಯ, ಅಂದರೆ ಅಳಿವೆಯ, ನೀರಿಗೆ ಬಿಡಬೇಕು. ಒಳಗೆ ಒಣಗಿದ ದಾಸವಾಳ, ತುಳಸಿ. ಅವುಗಳ ನಡುವೆ ಮಿರಿಮಿರಿ ಮಿಂಚುವ ಖಾಲಿ ಪೊಟ್ಟಣಗಳು. ಎಣಿಸಿದೆ. ನಲವತ್ತೆರಡು. ವಾರಕ್ಕೊಂದು ಎಂದಿದ್ದರಲ್ಲ ಡಾಕ್ಟರು. ಯಾರಿಗೂ ಗೊತ್ತಾಗದಂತೆ ಈಗಲೇ ನೀರಿಗೆ ಬಿಟ್ಟುಬಿಡಬಹುದಲ್ಲ ಎಂಬ ಯೋಚನೆ ಬಂತು. ಬಂದದ್ದು ನಿಜ.

ಆ ಚೀಲವನ್ನು ಎದೆಗೊತ್ತಿಕೊಂಡು ಕಲ್ಯಾಣಕ್ಕೆ ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದೆ. ಹೂವಿನ ಪುಡಿ ಅವರ ಕಾಗದದ ಮೇಲೆಲ್ಲ ಚೆಲ್ಲಿತು.

"ಕಾಕೂ, ರೋಜ್?"

"ರೋಜ್. ದಿನಾ ನಾನೇ ಕೊಟ್ಟದ್ದು."

ಅವರು ಬೈಯಲಿಲ್ಲ. "ಡಿ ಅತಿಯಾಗಿಯೇ ಕ್ಯಾಲ್ಸಿಯಂ ಏರಿದ್ದು. ಬಿಸಿಲಿನಿಂದ ಬರುವ ಡಿ ಸಾಕಾದಾಗ ಮೈಯೇ ನಿಲ್ಲಿಸಿಕೊಳ್ಳುತ್ತದೆ. ಬಾಯಿಗೆ ಹಾಕಿದ್ದನ್ನು ನಿಲ್ಲಿಸುವವರು ನಾವೇ" ಎಂದಷ್ಟೇ ಹೇಳಿ ನರ್ಸನ್ನು ಕೂಗಿದರು. ಸಲೈನ್, ಇಂಜೆಕ್ಷನ್, ದಿನವೂ ರಕ್ತ ಪರೀಕ್ಷೆ. ಕ್ಯಾಲ್ಸಿಯಂ ಪೂರ್ತಿ ಇಳಿಯಲು ವಾರಗಳೇ ಹಿಡಿದವು.

ಆಸ್ಪತ್ರೆ ಸೇರಿದ ಐದನೆಯ ಬೆಳಿಗ್ಗೆ ನಮ್ಮವರು ಕಣ್ಣುಬಿಟ್ಟು, "ಎಂತ, ನಿನ್ನ ಮುಖ ಹೀಗೆ ಇಳಿದುಹೋಗಿದೆ?" ಎಂದರು. ಕುಂಕುಮ ಇಡುವ ಕೈಯಿಂದಲೇ ವಿಷ ಹಾಕಿದೆ ಎಂದು ಅತ್ತು, ಎಲ್ಲವನ್ನೂ ಹೇಳಿದೆ.

ಅವರು ಫ್ಯಾನ್ ನೋಡುತ್ತ ಹೇಳಿದರು: "ಹಾಲು ಯಾಕೆ ಒಂದು ನಮೂನೆ ಅಂತ ಕೇಳ್ಬೇಕು ಅಂತಿದ್ದೆ. ವ್ರತ ಹಿಡಿದ ಹೆಂಗಸಿನ ಹತ್ರ ಕೇಳ್ಲಿಕ್ಕೆ ಧೈರ್ಯ ಯಾರಿಗುಂಟು?"

ಮಗಳು ನಕ್ಕಳು. ನಾನೂ ನಗಲು ನೋಡಿದೆ. ಫ್ಲಾಸ್ಕಿನಿಂದ ಗಂಜಿ ತಿಳಿ ಬಗ್ಗಿಸಿ ಕೊಟ್ಟೆ. ಅವರು ಲೋಟ ಹಿಡಿದು, ತುಟಿಯವರೆಗೆ ತಂದು, ನಿಂತರು. ಒಳಗೆ ಇಣುಕಿ ನೋಡಿದರು. ಆಮೇಲೆ ನನ್ನನ್ನು ನೋಡಿದರು, ನನ್ನ ಗುರುತು ಇದ್ದ ಕಣ್ಣುಗಳಿಂದಲೇ. ನಾನು ಫ್ಲಾಸ್ಕ್ ಹಿಡಿದೇ ಕಾದೆ.

ಕುಡಿದರು.