ಎದುರಿನ ರಾಜ ಎಲ್ಲಿದ್ದಾನೆ

ಅವರ ಎಡಗೈಯ ನರಗಳು ಹೆಬ್ಬೆರಳಿನಷ್ಟು ದಪ್ಪಕ್ಕೆ ಉಬ್ಬಿಕೊಂಡಿದ್ದವು. ಡಯಾಲಿಸಿಸ್‌ಗೆಂದು ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಕೈ ಅದು. ಯಂತ್ರಕ್ಕೆ ಹಚ್ಚಿದ ಮೇಲೆ ಅದನ್ನು ಅಲ್ಲಾಡಿಸುವಂತಿಲ್ಲ. ಹಾಗಾಗಿ ಬಲಗೈ ಒಂದರಿಂದಲೇ ಚೆಸ್ ಆಡುತ್ತಿದ್ದರು.

ಅತ್ತಾವರದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆ ಅವರದು. ಪೇಟೆಯಲ್ಲಿ ಹೋಟೆಲ್ ನಡೆಸಿದವರು. ನರ್ಸ್‌ಗಳೂ ‘ಧಣಿಗಳೇ’ ಎಂದೇ ಕರೆಯುತ್ತಿದ್ದರು. ತಿನ್ನಲು ಪಥ್ಯ. ಆದರೂ ಕ್ಯಾಂಟೀನಿನ ಸಾಂಬಾರಿನ ವಾಸನೆ ಬಂದರೆ ಸಾಕು, “ಇವರು ಕೊತ್ತಂಬರಿ ಹುರಿಯಲೇ ಇಲ್ಲ” ಎಂದು ಗೊಣಗುವರು.

ಮೂವತ್ತು ದಾಟುವ ಮೊದಲೇ ನನ್ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಯಾರ ಮಾತೂ ಬೇಡವಾಗಿತ್ತು. “ಸುಮ್ಮನೆ ಫ್ಯಾನ್ ನೋಡಿಕೊಂಡು ಎಂತ ಮಾಡ್ತಿ ಮಾರಾಯ್ತಿ? ಆಡುವ” ಎಂದು ಧಣಿಗಳೇ ಊಟದ ಟ್ರಾಲಿಯ ಮೇಲೆ ಚೆಸ್ ಮಣೆ ಇಟ್ಟರು. ಪೂರ್ತಿ ಆಟ ಮುಗಿಯುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರ ಬಿಪಿ ಇಳಿದುಬಿಡುತ್ತಿತ್ತು. ಹಾಗಾಗಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿದ ಕೊನೆಯ ಭಾಗವನ್ನು ಮಾತ್ರ ಆಡುತ್ತಿದ್ದೆವು.

ಅವರಿಗೆ ಪ್ರಾಣವಾದ ತಂತ್ರ ಒಂದಿತ್ತು. ನಮ್ಮ ಮೂರು ಕಾಲಾಳುಗಳಿಗೆ ಎದುರಾಳಿಯ ಮೂರು ದಾರಿಗಟ್ಟಿ ನಿಂತಿರುತ್ತವೆ. ನಡುವಿನದನ್ನು ಮುಂದೆ ನೂಕಿದರೆ ಹೊಡೆಯುತ್ತಾರೆ. ಬದಿಯದೊಂದನ್ನು ನೂಕಿದರೆ ಅದನ್ನೂ ಹೊಡೆಯುತ್ತಾರೆ. ಹೊಡೆಯುವ ಭರದಲ್ಲಿ ಅವರ ಸಾಲು ಒಡೆದು, ನಮ್ಮ ಮೂರನೆಯದು ಓಡಿಹೋಗಿ ರಾಣಿಯಾಗುತ್ತದೆ. ಕಲಿತ ಹುಮ್ಮಸ್ಸಿನಲ್ಲಿ ನಾನು ಎರಡನ್ನೂ ಕೊಟ್ಟೆ. ಅವರ ರಾಜ ನಿಧಾನವಾಗಿ ಬಂದು ಮೂರನೆಯದನ್ನೂ ತಿಂದ.

“ಅಯ್ಯೋ ದೇವರೇ! ಎದುರಿನ ರಾಜ ಎಲ್ಲಿದ್ದಾನೆ ಅಂತ ಮೊದಲು ನೋಡ್ಲಿಕ್ಕಿಲ್ವಾ? ಹತ್ತಿರ ಇದ್ದರೆ ಕೊಟ್ಟದ್ದೆಲ್ಲ ದಂಡ.”

ಆ ಹೊತ್ತಿಗೆ ನನ್ನಕ್ಕ ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಪರೀಕ್ಷೆಗಳೆಲ್ಲ ಹೊಂದಿಕೆಯಾಗಿದ್ದವು. ನಾನೇ ಒಪ್ಪಲಿಲ್ಲ. ಇಬ್ಬರು ಮಕ್ಕಳ ತಾಯಿಯಾದ ಅವಳ ಹೊಟ್ಟೆ ಕೊಯ್ಯಿಸಿ ಬದುಕುವುದು ನಾಚಿಕೆಗೇಡು ಅನಿಸುತ್ತಿತ್ತು. ಒಪ್ಪಿಕೋ ಎಂದು ಧಣಿಗಳು ಹೇಳಿದಾಗ ರೇಗಿಬಿಟ್ಟೆ. ಅವರ ಮಗಳೂ ತಂದೆಗೆ ಕೊಡಲು ಮುಂದಾಗಿದ್ದರು, ಇವರು ಬೇಡವೆಂದಿದ್ದರು.

“ನೀವು ಮಗಳದ್ದು ತಗೊಂಡಿಲ್ಲ. ಬುದ್ಧಿ ನನಗೆ ಮಾತ್ರವಾ?”

ಅವರಿಗೆ ಸಿಟ್ಟು ಬರಲಿಲ್ಲ. ಬಲಗೈಯಿಂದ ಎದೆ ಮುಟ್ಟಿಕೊಂಡರು. “ನನ್ನ ಹಾರ್ಟ್ ಸೋತುಹೋಗಿದೆ. ನನ್ನ ಆಟದಲ್ಲಿ ರಾಜ ಹತ್ತಿರವೇ ನಿಂತಿದ್ದಾನೆ. ಮಗಳು ಕೊಟ್ಟರೂ ದಂಡ. ನಿನ್ನದರಲ್ಲಿ ಅವ ಎಷ್ಟೋ ದೂರ ಇದ್ದಾನೆ. ಕೊಡುವವಳು ಕೊಡಲಿ. ನೀನು ತಗೊಂಡು ಓಡು ಮಗಾ.”

ಅವತ್ತು ಸಂಜೆ ಅಕ್ಕನಿಗೆ ಹೂಂ ಅಂದೆ.

ಕಸಿಯಾಗಿ ಮನೆಯಲ್ಲಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಸೋಂಕಿನ ಭಯದಿಂದ ನಾನು ಜನರಿದ್ದಲ್ಲಿಗೆ ಹೋಗುವಂತಿರಲಿಲ್ಲ. ಮುಖ ನೋಡಲಾಗದೆ ಬಿಕ್ಕಿಬಿಕ್ಕಿ ಅತ್ತೆ. ಉತ್ತರಕ್ರಿಯೆಗೆ ಅಕ್ಕ ಹೋದಳು. ಧಣಿಗಳ ಮಗಳು ಅವಳನ್ನು ಒಳಕೋಣೆಗೆ ಕರೆದೊಯ್ದು, ಹೊಲಿಗೆ ಹಾಕಿದ ಜಾಗ ತೋರಿಸಿ ಎಂದು ಕೇಳಿದರಂತೆ. ಅಕ್ಕ ಸೆರಗು ಸರಿಸಿದಳು. ಆಕೆ ಗಾಯದ ಗುರುತನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, “ನಿಮ್ಮದನ್ನು ತಂಗಿ ತಗೊಂಡ್ರಲ್ಲ. ನೀವು ಪುಣ್ಯ ಮಾಡಿದ್ದೀರಿ” ಎಂದು ಅತ್ತರಂತೆ.